ನಮ್ಮ ಶಾಲೆ ಈಗ ಯಾರದು?

ಮುಂಬಯಿಯ ಕನ್ನಡ ಶಾಲೆಗಳ ಮಾತು ಬಂದರೆ ನಮ್ಮವರು ಹಾಡುವುದು ಎರಡೇ ರಾಗ. ಒಂದು, 'ಅಯ್ಯೋ, ಕನ್ನಡ ಮುಳುಗಿತು'. ಇನ್ನೊಂದು, 'ಹೇಗೂ ಮಕ್ಕಳಿಲ್ಲವಲ್ಲ, ಪೂರ್ತಿ ಇಂಗ್ಲಿಷ್ ಮೀಡಿಯಂ ಮಾಡಿಬಿಡಿ'. ಈ ಮಾತಾಡುವವರಲ್ಲಿ ಹೆಚ್ಚಿನವರು ಕಳೆದ ಹತ್ತು ವರ್ಷಗಳಲ್ಲಿ ಒಮ್ಮೆಯೂ ತರಗತಿಯೊಳಗೆ ಇಣುಕಿದವರಲ್ಲ. ಮಕ್ಕಳಿದ್ದಾರೆ ಸ್ವಾಮಿ. ನಮ್ಮ ಮಕ್ಕಳಲ್ಲ, ಅಷ್ಟೇ.

ನಾನು ಓದಿದ್ದು ಮಧ್ಯ ರೈಲ್ವೆಯ ಒಂದು ಉಪನಗರದ ಕನ್ನಡ ಹೈಸ್ಕೂಲಿನಲ್ಲಿ, 1986ರ ಎಸ್ಸೆಸ್ಸಿ ಬ್ಯಾಚು. ಶಾಲೆಯ ಹೆಸರು ಬೇಡ, ಊಹಿಸುವವರು ಊಹಿಸಿಕೊಳ್ಳಲಿ. ಬಿಕಾಂ ಮಾಡಿ ಬ್ಯಾಂಕು ಸೇರಿದವನು ಎಂಬ ಒಂದೇ ಕಾರಣಕ್ಕೆ ಹಳೆ ವಿದ್ಯಾರ್ಥಿ ಸಂಘದ ಲೆಕ್ಕಪತ್ರ ನನ್ನ ತಲೆಗೆ ಕಟ್ಟಿದ್ದಾರೆ. ಶಾಲೆಗೆ ಅರುವತ್ತು ತುಂಬಿತೆಂದು ಸ್ಮರಣ ಸಂಚಿಕೆ ತರುವುದು ನಿಶ್ಚಯವಾಯಿತು. ಹಳೆಯ ಹೆಸರು ಹುಡುಕಲೆಂದು ಬ್ಯಾಂಕಿಗೆ ರಜೆಯಿರುವ ಶನಿವಾರಗಳಂದು ಹೋಗಿ ಆಫೀಸಿನ ಜನರಲ್ ರಿಜಿಸ್ಟರುಗಳನ್ನು ಬಿಡಿಸಿ ಕೂತೆ. ಲೆಡ್ಜರು ಓದಿ ಅಭ್ಯಾಸವಾದವನಿಗೆ ಅದೊಂದು ಕಾದಂಬರಿಯೇ ಅನ್ನಿ.

ಮಹಾರಾಷ್ಟ್ರದಲ್ಲಿ ಕನ್ನಡ ಮೀಡಿಯಮ್ಮಿಗೆ ಸರಕಾರಿ ಅನುದಾನ ಹೇಗೆ ಎಂದು ಈಗಿನ ಹುಡುಗರು ಕೇಳುವುದುಂಟು. 1956ರ ನವೆಂಬರ್ 1ರ ತನಕ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಆಗ ಕನ್ನಡ ಈ ಸರಕಾರಕ್ಕೆ ಹೊರಗಿನ ಭಾಷೆಯಲ್ಲ. ರಾಜ್ಯ ಒಡೆದರೂ ಕನ್ನಡದಲ್ಲಿ ಎಸ್ಸೆಸ್ಸಿ ಬರೆಯುವ ಅವಕಾಶ ಉಳಿಯಿತು, ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಮುದ್ರಿಸುತ್ತಾ ಬಂತು. ಆದರೆ ಶಾಲೆ ಕಟ್ಟಿದ್ದು ಸರಕಾರವಲ್ಲ. ಮೊಗವೀರರು 1908ರಷ್ಟು ಹಿಂದೆಯೇ ರಾತ್ರಿ ಶಾಲೆ ತೆರೆದಿದ್ದರು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದ ಹುಡುಗರು ರಾತ್ರಿ ಓದಿ ಮೆಟ್ರಿಕ್ ಆದದ್ದು ಅಂಥ ರಾತ್ರಿ ಶಾಲೆಗಳಲ್ಲಿ. ವಡಾಲಾದ ಎನ್‌.ಕೆ.ಇ.ಎಸ್., ಚೆಂಬೂರಿನ ಕರ್ನಾಟಕ ಹೈಸ್ಕೂಲು ಎಲ್ಲ ನಿಮಗೆ ಗೊತ್ತಿದ್ದದ್ದೇ. ನಮ್ಮದೂ ಹಾಗೆಯೇ, ಹೋಟೆಲಿನವರೂ ಗುಮಾಸ್ತರೂ ಸೇರಿ ಚಾಳಿನ ಎರಡು ಕೋಣೆಯಲ್ಲಿ ಶುರುಮಾಡಿದ್ದು.

ನಮ್ಮ ಕಾಲದ ಶಾಲೆ ನೆನೆದರೆ ಈಗಲೂ ನಗು ಬರುತ್ತದೆ. ಹೆಸರು ಕನ್ನಡ ಶಾಲೆ, ಕನ್ನಡ ಮಾತ್ರ ನಮ್ಮಲ್ಲಿ ಹೆಚ್ಚಿನವರ ಮನೆಮಾತಲ್ಲ! ಮನೆಯಲ್ಲಿ ತುಳುವೋ ಕೊಂಕಣಿಯೋ, ಚಾಳಿನ ಅಂಗಳದಲ್ಲಿ ಮರಾಠಿ, ಲೋಕಲ್ ಟ್ರೈನಿನಲ್ಲಿ ಹಿಂದಿ. ಕನ್ನಡವೆಂಬುದು ಬೆಳಗ್ಗೆ ಏಳರಿಂದ ಹನ್ನೆರಡೂವರೆಯ ಶಿಫ್ಟಿನ ಭಾಷೆ. ನಾಲ್ಕನೆಯ ಇಯತ್ತೆಯಲ್ಲಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ ಬಾಯಿಪಾಠ ಮಾಡುತ್ತಿದ್ದೆವು. ಊರಿನ ದಾಯಾದಿಗಳು ರಾಣಿ ಅಬ್ಬಕ್ಕನ ಕಥೆ ಹೇಳಿದರೆ ನಾವು ಪ್ರತಾಪಗಡದ ಕಥೆ ಹೇಳುತ್ತಿದ್ದೆವು. ('ಇಯತ್ತೆ' ಅಂದರೆ ಏನೆಂದು ಊರಲ್ಲಿ ಬಿಡಿಸಿ ಹೇಳಬೇಕಾಗುತ್ತಿತ್ತು.) ಗಣಿತದ ಮಾಸ್ತರು ಧಾರವಾಡದ ಕಡೆಯವರು. ಅವರು 'ಕೂಡ್ರಿ, ಗದ್ದಲ ಮಾಡಬ್ಯಾಡ್ರಿ' ಅಂದರೆ ಇಡೀ ತರಗತಿ ಕಿಸಕ್ಕನೆ ನಗುತ್ತಿತ್ತು. ಪುಸ್ತಕದಲ್ಲಿ ಇಲ್ಲದ ಕನ್ನಡ ನಮಗೆ ಕನ್ನಡವೇ ಅಲ್ಲ! ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದಿಗೆ ಪಾಠ ಕೇಳುತ್ತಿರಲಿಲ್ಲ. ಆ ದಿನ ಕೈಬರಹ.

ರಿಜಿಸ್ಟರಿನಲ್ಲಿ 'ಹುಟ್ಟಿದ ಊರು' ಎಂಬ ಅಂಕಣವಿದೆ. ಮೊದಲ ವರ್ಷಗಳಲ್ಲಿ ಮೂಲ್ಕಿ, ಪಡುಬಿದ್ರಿ, ಕಾಪು, ಕುಂದಾಪುರ. ಎಪ್ಪತ್ತರ ದಶಕದ ಕೊನೆಗೆ ಪುಟಗಟ್ಟಲೆ 'ಮುಂಬಯಿ'. ಶಾಲೆ ಬಿಟ್ಟ ಕಾರಣದ ಅಂಕಣದಲ್ಲಿ 1982ರ ಮಧ್ಯದಿಂದ 'ಊರಿಗೆ ಹೋದ ಕಾರಣ' ಎಂದು ಒಂದರ ಕೆಳಗೊಂದು. ಆ ವರ್ಷದ ಜನವರಿ 18ರಂದು ಮಿಲ್ಲು ಮುಷ್ಕರ ಶುರುವಾಗಿತ್ತು. ತೊಂಬತ್ತರ ದಶಕದಲ್ಲಿ ಪುಟಗಳು ತೆಳ್ಳಗಾಗುತ್ತವೆ, ಕಾರಣ 'ಇಂಗ್ಲಿಷ್ ಮಾಧ್ಯಮಕ್ಕೆ'. ನನ್ನ ಮಕ್ಕಳೂ ಇಂಗ್ಲಿಷ್ ಶಾಲೆಗೇ ಹೋದವರು. ಅದಕ್ಕೆ ನಾನು ಎದೆ ಬಡಿದುಕೊಳ್ಳುವುದಿಲ್ಲ. ನಮ್ಮ ಅಪ್ಪಂದಿರು ಶಾಲೆ ಕಟ್ಟಿದ್ದು ನಾವು ಮೇಲೆ ಬರಲಿ ಎಂದು, ಬಂದೆವು.

ಆದರೆ ಅಂಕಣ ಅಲ್ಲಿಗೆ ನಿಲ್ಲುವುದಿಲ್ಲ. ಇತ್ತೀಚಿನ ರಿಜಿಸ್ಟರು ತೆಗೆದರೆ ಶಹಾಪುರ, ಸುರಪುರ, ಜೇವರ್ಗಿ, ಸಿಂದಗಿ, ಇಂಡಿ. ನಾಕಾದಲ್ಲಿ ಬೆಳಗ್ಗೆ ತಗಾರಿ, ಕರಣಿ ಹಿಡಿದು ನಿಲ್ಲುವವರ ಮಕ್ಕಳು. ನಮ್ಮ ಟವರುಗಳಿಗೆ ಸ್ಲ್ಯಾಬು ಹಾಕುವವರ ಮಕ್ಕಳು. ಇವರು ಮನೆಯಲ್ಲೂ ಕನ್ನಡ ಮಾತಾಡುತ್ತಾರೆ. ಅರುವತ್ತು ವರ್ಷಗಳಲ್ಲಿ ಮೊದಲ ಸಲ ಕನ್ನಡ ಶಾಲೆಯ ತುಂಬ ಕನ್ನಡ ಮನೆಮಾತಿನ ಮಕ್ಕಳಿರುವಾಗ ನಾವು 'ಕನ್ನಡ ಮಕ್ಕಳಿಲ್ಲ' ಎಂದು ಮುಚ್ಚಲು ಹೊರಟಿದ್ದೇವೆ, ನೋಡಿ ಮಾರಾಯ್ರೆ!

ಮಕ್ಕಳಿದ್ದರೂ ಶಾಲೆ ಸೊರಗುವುದು ಹೇಗೆಂದರೆ ಹೀಗೆ. ಅನುದಾನಿತ ಶಾಲೆಗೆ ಎಷ್ಟು ಶಿಕ್ಷಕರು ಎಂಬುದು ಪ್ರತಿವರ್ಷದ ಸಂಚಮಾನ್ಯತೆಯಲ್ಲಿ, ಮಕ್ಕಳ ತಲೆ ಎಣಿಸಿ ನಿಶ್ಚಯವಾಗುತ್ತದೆ. ಆಧಾರ್ ತಾಳೆಯಾದ ತಲೆ ಮಾತ್ರ ಲೆಕ್ಕಕ್ಕೆ. ಗುಳೆ ಬಂದ ಕುಟುಂಬದ ಮಗುವಿನ ಆಧಾರಿನಲ್ಲಿ ಹೆಸರೊಂದು, ಟಿ.ಸಿ.ಯಲ್ಲಿ ಇನ್ನೊಂದು. ಬೆಂಚಿನ ಮೇಲೆ ಮಗು ಇದೆ, ಕಂಪ್ಯೂಟರಿನಲ್ಲಿ ಇಲ್ಲ. ಸಂಖ್ಯೆ ಇಳಿದರೆ ಒಬ್ಬ ಶಿಕ್ಷಕರು 'ಹೆಚ್ಚುವರಿ' ಆಗಿ ಬೇರೆಡೆ ಹೋಗುತ್ತಾರೆ, ವಿಜ್ಞಾನದವರೇ ಇತಿಹಾಸವನ್ನೂ ಕಲಿಸುತ್ತಾರೆ. ಅದನ್ನು ಕಂಡು ಉಳಿದ ಪೋಷಕರೂ ಜಾಗ ಖಾಲಿ ಮಾಡುತ್ತಾರೆ. ಕೆವೈಸಿ ಹೊಂದದೆ ಖಾತೆ ಸ್ಥಗಿತವಾದವರನ್ನು ದಿನಾ ನೋಡುವ ನನಗೆ ಇದು ಹೊಸದೇನಲ್ಲ. ಇಬ್ಬರು ಕೂತು ಒಂದು ವಾರ ಕಾಗದ ಸರಿಮಾಡಿಸಿದರೆ ಉಳಿಯುವ ಹುದ್ದೆಯಿದು.

ಇನ್ನೊಂದು ವಿಷಯ, ಇದು ನಮ್ಮ ಕರಾವಳಿಯವರಿಗೆ ಅಷ್ಟಾಗಿ ತಟ್ಟಿದ್ದಲ್ಲ. ಲಂಬಾಣಿ ಹುಡುಗನೊಬ್ಬ ಕಲಬುರಗಿಯಲ್ಲಿ ಪರಿಶಿಷ್ಟ ಜಾತಿ. ಉದ್ಯಾನ್ ಎಕ್ಸ್‌ಪ್ರೆಸ್ ದುಧನಿ ದಾಟಿತೋ, ಮಹಾರಾಷ್ಟ್ರದ ಪಟ್ಟಿಯಲ್ಲಿ ಬಂಜಾರರು ವಿಮುಕ್ತ ಜಾತಿ. ಅದರ ಪ್ರಮಾಣಪತ್ರ ಬೇಕೆಂದರೆ 1961ರ ನವೆಂಬರ್ 21ಕ್ಕೆ ಮೊದಲೇ ಕುಟುಂಬ ಇಲ್ಲಿತ್ತೆಂದು ತೋರಿಸಬೇಕು. ಪರಿಶಿಷ್ಟ ಜಾತಿಯ ಇತರರಿಗೆ ಆ ದಿನಾಂಕ 1950ರ ಆಗಸ್ಟ್ 10. ಅಪ್ಪ ಬಂದದ್ದು ಮೊನ್ನೆ ಮೊನ್ನೆ, ಎಲ್ಲಿಂದ ತೋರಿಸುವುದು? ಹತ್ತನೆಯ ತರಗತಿ ಪಾಸಾದ ಹುಡುಗನಿಗೆ ಇಲ್ಲಿನ ಮೀಸಲಾತಿಯೂ ಇಲ್ಲ, ಊರಿಗೆ ಹೋದರೆ ಅಲ್ಲಿ ಶಾಲೆ ಓದಿದ ದಾಖಲೆ ಇಲ್ಲ. ಎರಡು ರಾಜ್ಯಗಳ ನಡುವೆ ಅವನು ಸಾಮಾನ್ಯ ವರ್ಗ! ಫೀಸು ಕಟ್ಟುವ ಕಿಟಕಿಯಲ್ಲಿ ಅದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ ಹನ್ನೊಂದನೆಯದಕ್ಕೆ ಹೋದರೆ ಎಲ್ಲ ಇಂಗ್ಲಿಷು. ಹತ್ತು ವರ್ಷ 'ದ್ಯುತಿಸಂಶ್ಲೇಷಣೆ' ಅಂದವನು ಜೂನಿಯರ್ ಕಾಲೇಜಿನ ಮೊದಲ ದಿನವೇ ಹಿಂದಿನ ಬೆಂಚಿಗೆ. ನಾವೂ ಆ ಬೆಂಚಿನಲ್ಲಿ ಕೂತವರೇ. ಆದರೆ ನಮ್ಮ ಹಿಂದೆ ಹೋಟೆಲು ಮಾಡಿದ ಮಾವ ಇದ್ದ, ಉಡುಪಿ-ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕುಗಳಿದ್ದವು, ಕ್ಲಾರ್ಕ್ ಕೆಲಸಕ್ಕೆ ದಾರಿ ಹೇಳುವ ಜಾತಿ ಸಂಘ ಇತ್ತು. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಷನ್ 2020ರಲ್ಲಿ ವಿಲೀನವಾದವು. ಇದ್ದಿದ್ದರೂ ಜೇವರ್ಗಿಯ ಹುಡುಗನಿಗೆ ಅಲ್ಲಿ ಮಾವಂದಿರು ಇರುತ್ತಿರಲಿಲ್ಲ.

ಈಗ ದುಡ್ಡಿನ ವಿಷಯ. ವಜ್ರ ಮಹೋತ್ಸವಕ್ಕೆ ಹಳೆ ವಿದ್ಯಾರ್ಥಿಗಳು ಕೈಬಿಚ್ಚಿ ಕೊಟ್ಟಿದ್ದಾರೆ, ದುಬೈಯಿಂದಲೂ ಬಂದಿದೆ. ಬಹುಮತದ ಅಭಿಪ್ರಾಯ ಹವಾನಿಯಂತ್ರಿತ ಸಭಾಗೃಹ, ಬಾಗಿಲಲ್ಲಿ ದಾನಿಗಳ ಹೆಸರಿನ ಕಲ್ಲು. ಯಕ್ಷಗಾನಕ್ಕೂ ಮದುವೆಗೂ ಬಾಡಿಗೆಗೆ ಕೊಡಬಹುದಂತೆ. ಯಕ್ಷಗಾನ ನನಗೂ ಇಷ್ಟವೇ. ಆದರೆ ಅದಕ್ಕೆ ಹಾಲ್‌ಗಳು ಈ ಊರಲ್ಲಿ ಬೇಕಷ್ಟಿವೆ. ಒಬ್ಬರು ಸಭೆಯಲ್ಲಿ 'ಅವರೆಲ್ಲ ನಮ್ಮ ಶಾಲೆಯವರೇ ಅಲ್ಲ' ಅಂದರು. ಅವರು ಅಂದದ್ದು ಈಗ ಓದುತ್ತಿರುವ ಮಕ್ಕಳನ್ನು.

ನಾನು ಕೇಳಿದ್ದು ಮೂರೇ ಕೆಲಸ. ಆಧಾರ್ ಮತ್ತು ಟಿ.ಸಿ. ತಿದ್ದುಪಡಿಗೆ ಜೂನ್ ತಿಂಗಳಲ್ಲಿ ಶಾಲೆಯಲ್ಲೇ ಒಂದು ಮೇಜು. ಎಸ್ಸೆಸ್ಸಿ ಮುಗಿದ ರಜೆಯಲ್ಲಿ ಇಂಗ್ಲಿಷ್, ವಿಜ್ಞಾನ, ಅಕೌಂಟ್ಸ್ ಶಬ್ದಗಳ ಎರಡು ತಿಂಗಳ ತರಗತಿ, ಅಕೌಂಟ್ಸ್ ನಾನೇ ಹೇಳಿಕೊಡುತ್ತೇನೆ. ಹನ್ನೊಂದು-ಹನ್ನೆರಡರ ಫೀಸು ಮತ್ತು ರೈಲ್ವೆ ಪಾಸಿಗೆ ಠೇವಣಿಯ ಬಡ್ಡಿ. ಅಸಲಿಗೆ ಕೈ ಹಚ್ಚುವುದೇ ಬೇಡ. ಬಡ್ಡಿಯ ಲೆಕ್ಕ ಹಾಕಿ ಒಂದು ಪುಟದ ಪ್ರಸ್ತಾವ ಕೊಟ್ಟಿದ್ದೇನೆ. ಏಳು ಮಂದಿಯ ಸಮಿತಿಯಲ್ಲಿ ಇದುವರೆಗೆ ಸಹಿ ಬಿದ್ದಿರುವುದು ಎರಡು, ಅದರಲ್ಲಿ ಒಂದು ನನ್ನದು. ಮುಂದಿನ ಸಭೆ ತಿಂಗಳ ಕೊನೆಯ ಭಾನುವಾರ. ನಮ್ಮ ಬ್ಯಾಚಿನವರು ಓದುತ್ತಿದ್ದರೆ ದಯವಿಟ್ಟು ಬನ್ನಿ, ವಡೆ-ಚಹ ಇರುತ್ತದೆ.