ಪೋರ್ಚುಗೀಸ್ ಹಳ್ಳಿಯೂ ಅಲ್ಲ, ಕೊಳೆಗೇರಿಯೂ ಅಲ್ಲ

ಮುಂಬಯಿಯ ಗಿರಗಾಂವ್‌ನಲ್ಲಿ ಖೋತಾಚಿವಾಡಿ ಎಂಬ ಓಣಿಯಿದೆ. ಮರದ ಹೊರಮೆಟ್ಟಿಲು, ಹಂಚಿನ ಮಾಡು, ದಾರಿಗೇ ಚಾಚಿದ ಜಗಲಿ. ಕ್ಯಾಮೆರಾ ಹಿಡಿದು ಬರುವವರಿಗೆ ಅದನ್ನು ‘ಪೋರ್ಚುಗೀಸ್ ಹಳ್ಳಿ’ ಎಂದು ತೋರಿಸುವುದು ವಾಡಿಕೆ. ತಪ್ಪು ಅಲ್ಲಿಂದಲೇ ಶುರು. ಹದಿನೆಂಟನೇ ಶತಮಾನದ ಕೊನೆಗೆ ಆ ನೆಲವನ್ನು ತುಂಡು ಮಾಡಿ ಕೊಟ್ಟವನು ದಾದೋಬಾ ವಾಮನ್ ಖೋತ್ ಎಂಬ ಪಾಠಾರೆ ಪ್ರಭು. ಕೊಂಡು ಮನೆ ಕಟ್ಟಿದವರು ಈಸ್ಟ್ ಇಂಡಿಯನ್ ಕ್ರೈಸ್ತರು. ಅವರ ಮನೆಮಾತು ಮರಾಠಿಯದೇ ಒಂದು ಒಳನುಡಿ. 1661ರ ರಾಜಮದುವೆಯ ಒಪ್ಪಂದದಲ್ಲಿ ದ್ವೀಪ ಪೋರ್ಚುಗೀಸರ ಕೈಬಿಟ್ಟು ಆಗಲೇ ನೂರು ವರ್ಷ ದಾಟಿತ್ತು.

ಪಶ್ಚಿಮ ಕರಾವಳಿಯ ಜನಕ್ಕೆ ‘ಈಸ್ಟ್ ಇಂಡಿಯನ್’ ಹೆಸರು ಬಂದದ್ದೂ ತಮಾಷೆಯೇ. ಗೋವಾ, ಮಂಗಳೂರಿನ ಕಡೆಯಿಂದ ಬಂದು ಇಳಿದವರ ಹೆಸರುಗಳೂ ಡಿಸೋಜಾ, ಪಿರೇರಾ. ಅವರಿಂದ ತಾವು ಬೇರೆ, ಕಂಪನಿ ಸರ್ಕಾರದ ಹಳೆಯ ಪ್ರಜೆಗಳು ಎಂದು ತೋರಿಸಲು 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವದ ಹೊತ್ತಿಗೆ, ಸ್ಥಳೀಯ ಕ್ರೈಸ್ತರು ಈ ಹೆಸರಿಟ್ಟುಕೊಂಡರು. ಕಾರಣ ಮುಖ್ಯವಾಗಿ ನೌಕರಿ. ಮಣ್ಣಿನ ಮಕ್ಕಳ ರಾಜಕಾರಣ ಮಾಡುವ ನಗರದಲ್ಲಿ ಅತಿ ಹಳೆಯ ಮಣ್ಣಿನ ಮಕ್ಕಳಲ್ಲಿ ಒಂದು ಗುಂಪಿಗೆ ಇಂಗ್ಲಿಷ್ ಹೆಸರು!

ಅವರು ತಮ್ಮ ಊರನ್ನು ಕರೆಯುವುದು ಗಾಂವಠಾಣ ಎಂದು. ಕನ್ನಡದವರಿಗೆ ಇದನ್ನು ಅನುವಾದಿಸಬೇಕಿಲ್ಲ. ಕರ್ನಾಟಕದ ಕಂದಾಯ ಕಡತಗಳ ‘ಗ್ರಾಮಠಾಣ’ವೇ ಇದು. ಊರ ಹೊಲ ಬೇರೆ, ಜನ ಮನೆಕಟ್ಟಿ ಕೂತ ಠಾಣ ಬೇರೆ. ಬಾಂದ್ರಾದ ರಾನ್ವರ್, ಮಜಗಾಂವ್‌ನ ಮಾಥಾರಪಾಕಾಡಿ, ವರ್ಲಿಯ ಕೋಳಿವಾಡ ಎಲ್ಲವೂ ಊರುಗಳು. ನಗರ ಅವುಗಳ ಗದ್ದೆಯನ್ನು ತಿಂದಿತು, ಠಾಣ ಮಾತ್ರ ಉಳಿಯಿತು. ಈಗ ಅದಕ್ಕೆ ಸಿಗುವ ಹೆಸರು ಎರಡೇ. ಚೆಂದ ಕಂಡರೆ ‘ಪಾರಂಪರಿಕ ತಾಣ’, ಇಕ್ಕಟ್ಟು ಕಂಡರೆ ‘ಕೊಳೆಗೇರಿ’. ಒಂದರಲ್ಲಿ ಊರು ಚಿತ್ರವಾಗುತ್ತದೆ, ಇನ್ನೊಂದರಲ್ಲಿ ಪುನರ್ವಸತಿ ಯೋಜನೆಯ ಕಚ್ಚಾವಸ್ತು. ತಲೆಮಾರುಗಳಿಂದ ಸ್ವಂತ ನೆಲದಲ್ಲಿರುವ ಮೀನುಗಾರನಿಗೆ ಅತಿಕ್ರಮಣದಾರನ ಹಾಗೆ ಪೆಟ್ಟಿಗೆಯಂಥ ಫ್ಲ್ಯಾಟ್ ತೋರಿಸುವುದು ಉಪಕಾರವಲ್ಲ.

ಊರೆಂದರೆ ಮನೆಗಳ ಲೆಕ್ಕವಲ್ಲ. ಕೋಳಿವಾಡದಲ್ಲಿ ಬಲೆ ಹರವುವ, ಮೀನು ಒಣಗಿಸುವ ಬಯಲು ಬೇಕು. ಅಳತೆಗಾರನ ಕಣ್ಣಿಗೆ ಅದು ಖಾಲಿ ಜಾಗ. ಈಸ್ಟ್ ಇಂಡಿಯನ್ ಮದುವೆಯ ಮುನ್ನಾದಿನ ವಾದ್ಯದೊಂದಿಗೆ ಬಾವಿಗೆ ಹೋಗಿ ನೀರು ತರುವ ‘ಉಂಬ್ರಾಚಾ ಪಾಣಿ’ ಶಾಸ್ತ್ರವಿದೆ. ಬಾವಿಯ ಮೇಲೆ ಕಾರು ನಿಲ್ದಾಣ ಬಂದರೆ ಮೆರವಣಿಗೆ ಎಲ್ಲಿಗೆ ಹೋಗಬೇಕು, ಲಿಫ್ಟಿಗೆ? 1896ರ ಪ್ಲೇಗಿನ ದಿನಗಳಲ್ಲಿ ಹಲವು ಓಣಿಗಳಲ್ಲಿ ಎದ್ದ ಶಿಲುಬೆಗಳ ಮುಂದೆ ಇಂದಿಗೂ ಮೇ ತಿಂಗಳಲ್ಲಿ ಪ್ರಾರ್ಥನೆಗೆ ಜನ ಸೇರುತ್ತಾರೆ. ಅದೇ ಬಿಸಿಲಿನಲ್ಲಿ ಅಂಗಳಗಳಲ್ಲಿ ಮೆಣಸಿನಕಾಯಿ ಒಣಗಿಸಿ, ಇಪ್ಪತ್ತಕ್ಕೂ ಹೆಚ್ಚು ಸಾಮಗ್ರಿ ಕುಟ್ಟಿ, ವರ್ಷಕ್ಕಾಗುವಷ್ಟು ಮಸಾಲೆಯನ್ನು ಬಿಯರ್ ಬಾಟಲಿಗಳಿಗೆ ತುಂಬುತ್ತಾರೆ. ಹೆಸರೇ ಬಾಟಲ್ ಮಸಾಲಾ. ಅಕ್ಟೋಬರ್‌ನ ಮೊದಲ ಭಾನುವಾರ ಆಗೇರಾ, ಹೊಸ ತೆನೆಯ ಹಬ್ಬ. ಮಂಗಳೂರಿನ ಮೊಂತಿ ಹಬ್ಬ ಕಂಡವರಿಗೆ ಹೊಸದೇನಲ್ಲ, ಇಲ್ಲಿ ಗದ್ದೆಯಿಲ್ಲ ಅಷ್ಟೇ.

ಊರವರೇ ಮಾರುತ್ತಿದ್ದಾರಲ್ಲ ಎನ್ನುವವರಿದ್ದಾರೆ. ನಿಜ, ಮಾರುತ್ತಿದ್ದಾರೆ, ಹಂಚಿನ ಮನೆಯ ಮೇಲೆ ಅಂದಗೆಟ್ಟ ಮೂರು ಮಹಡಿ ಏರಿಸಿ ಬಾಡಿಗೆಗೆ ಬಿಟ್ಟವರೂ ಊರವರೇ. ಆದರೆ ಹತ್ತು ಜನ ವಾರಸುದಾರರಿರುವ ಮನೆಗೆ ದುರಸ್ತಿಯ ಖರ್ಚು ಒಬ್ಬನದು, ಪಾರಂಪರಿಕ ಪಟ್ಟಿಯ ನಿರ್ಬಂಧ ಎಲ್ಲರದು, ನೋಡುವ ಸುಖ ಪ್ರವಾಸಿಗನದು ಎಂದಾದರೆ ಯಾರು ಮಾರುವುದಿಲ್ಲ? ಮಾರುವ ಹಕ್ಕನ್ನು ಕಿತ್ತುಕೊಳ್ಳಬೇಕಾಗಿಲ್ಲ. ಠಾಣದ ಗಡಿಯನ್ನು ಬಾವಿ, ಶಿಲುಬೆ, ಬಲೆಯ ಬಯಲು, ಕಾಲುದಾರಿ ಸೇರಿಸಿ ಅಳೆದು ದಾಖಲಿಸಬೇಕು. ಒಳಗೆ ಕಟ್ಟಲು ಊರಿಗೆ ತಕ್ಕ ನಿಯಮ ಬೇಕು. ಗಡಿಯಿಲ್ಲದ ಊರನ್ನು ನುಂಗಲು ಬುಲ್ಡೋಜರ್ ಬೇಕಿಲ್ಲ, ನಕ್ಷೆಯ ಒಂದು ಬಣ್ಣ ಸಾಕು.

1916ರಲ್ಲಿ ಬೆಳಗಾವಿಯಲ್ಲಿ ತಿಲಕರು ಹೋಮ್ ರೂಲ್ ಲೀಗ್ ಕಟ್ಟಿದಾಗ ಅಧ್ಯಕ್ಷರಾದವರು ಜೋಸೆಫ್ ಬ್ಯಾಪ್ಟಿಸ್ಟಾ, 1925ರಲ್ಲಿ ಮುಂಬಯಿಯ ಮೇಯರ್. ಜನ ಕಾಕಾ ಎನ್ನುತ್ತಿದ್ದರು. ಮಾಥಾರಪಾಕಾಡಿ ಅವರ ಊರು.