ದುಡಿದು ಬಂದರೆ ಗೇಟು ತೆರೆಯುತ್ತದೆ

ನಮ್ಮ ಸಭೆಗಳಲ್ಲಿ ಕಾಯಕದ ಮಾತು ಬಂದಾಗ ಹೆಣ್ಣುಮಕ್ಕಳನ್ನು ಹೊಗಳುವುದು ಈಗ ರೂಢಿ. ಪಟ್ಟಣಕ್ಕೆ ಹೋಗಿ ದುಡಿಯುತ್ತಾಳೆ, ಮನೆಗೆ ಹಣ ಕಳಿಸುತ್ತಾಳೆ, ತಮ್ಮನ ಫೀ ಕಟ್ಟುತ್ತಾಳೆ. ಎಲ್ಲ ನಿಜ. ಆದರೆ ಕಾಯಕ ಮುಗಿದ ಮೇಲೆ ಅವಳ ಸಂಜೆ ಯಾರದು ಎಂದು ಯಾವ ವೇದಿಕೆಯಲ್ಲೂ ಒಬ್ಬರು ಕೇಳಿದ್ದನ್ನು ನಾನು ಕಂಡಿಲ್ಲ.

ಹಾವೇರಿ ಕಡೆಯ ಲಿಂಗವಂತರ ಮನೆಯವಳಾದ ನಾನು ಹೊನ್ನಾವರ ತಾಲೂಕಿನ ಕರ್ಕಿಯಲ್ಲಿ ಬಹಳ ವರ್ಷ ಶಾಲೆ ಕಲಿಸಿದೆ. ನನಗೆ ಅಕ್ಕೋರು ಎಂಬ ಹೆಸರನ್ನೂ ಯಕ್ಷಗಾನದ ಹುಚ್ಚನ್ನೂ ಕೊಟ್ಟ ಊರು ಅದು. ಕರ್ಕಿಯ ಹಾಸ್ಯಗಾರ ಮನೆತನದ ಹೆಸರು ಕೇಳದ ಬಡಗುತಿಟ್ಟಿನ ಅಭಿಮಾನಿಗಳು ಕಡಿಮೆ. ಅಲ್ಲಿ ಆಟವೆಂದರೆ ಬೆಳಕು ಹರಿಯುವ ತನಕ. ಗದ್ದೆಯ ಬಯಲಲ್ಲಿ ಚಾಪೆ ಹಾಸಿಕೊಂಡು ಅಜ್ಜಿಯರು, ಸೊಸೆಯಂದಿರು, ಹರೆಯದ ಹುಡುಗಿಯರು ಎಲ್ಲರೂ ಕೂರುತ್ತಿದ್ದರು. ನಡುವೆ ನಿದ್ದೆ ಹೋಗಿ ಚಂಡೆಯ ಸದ್ದಿಗೆ ಏಳುತ್ತಿದ್ದರು. ‘ಎಷ್ಟು ಹೊತ್ತಿಗೆ ಬಂದೆ’ ಎಂದು ಮರುದಿನ ಯಾವ ಹುಡುಗಿಯನ್ನೂ ಯಾರೂ ವಿಚಾರಿಸುತ್ತಿರಲಿಲ್ಲ. (ರಂಗದ ಮೇಲಿನ ಹೆಣ್ಣುವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು. ಅದು ಇನ್ನೊಂದು ಲೇಖನದ ಮಾತು.)

ಹಾಗೆ ರಾತ್ರಿಯಿಡೀ ಆಟ ನೋಡಿ ಬೆಳೆದ ನನ್ನ ಶಿಷ್ಯೆಯೊಬ್ಬಳು ಈಗ ಬೆಂಗಳೂರಿನಲ್ಲಿ ಪಿಜಿಯೊಂದರಲ್ಲಿದ್ದು ಕಂಪನಿಯೊಂದರಲ್ಲಿ ದುಡಿಯುತ್ತಾಳೆ. ಪಿಜಿಯ ಗೇಟು ಒಂಬತ್ತೂವರೆಗೆ ಬಂದ್. ಜೆ.ಪಿ. ನಗರದ ರಂಗಶಂಕರದಲ್ಲಿ ಸಂಜೆಯ ನಾಟಕ ಶುರುವಾಗುವುದೇ 7.30ಕ್ಕೆ. ಹೊನ್ನಾವರ ತಾಲೂಕಿನಲ್ಲೇ ಹುಟ್ಟಿದ ಶಂಕರ್ ನಾಗ್ ಅವರ ನೆನಪಿಗೆ 2004ರಲ್ಲಿ ಎದ್ದ ರಂಗಮಂದಿರ ಅದು. ನಮ್ಮ ಊರ ಕಡೆಯವರ ಹೆಸರಿನ ಮನೆ ಎಂದು ಇವಳಿಗೆ ಹೆಮ್ಮೆ. ಒಮ್ಮೆ ನಾಟಕ ಮುಗಿಸಿ ಪಿಜಿ ಮುಟ್ಟುವಾಗ ಹತ್ತಾಗಿತ್ತು. ಮಾಲೀಕರು ನೇರ ಕರ್ಕಿಗೆ ಫೋನ್ ಮಾಡಿದರು. ಅಪ್ಪ ‘ಕೆಲಸ ಬಿಟ್ಟು ಬಾ’ ಎಂದರು.

“ಅಕ್ಕೋರೇ, ರಾತ್ರಿ ಪಾಳಿ ಮುಗಿಸಿ ಎರಡು ಗಂಟೆಗೆ ಕಂಪನಿ ಕ್ಯಾಬಲ್ಲಿ ಬಂದ್ರೆ ಇದೇ ಗೇಟು ತೆಗೀತಾರೆ” ಎಂದಳು ಹುಡುಗಿ.

ಅವಳ ಮಾತಿನಲ್ಲಿ ಎಲ್ಲವೂ ಇದೆ. ರಾತ್ರಿ ಪಾಳಿಗಾಗಿ ನಾವು ಕಾನೂನನ್ನೇ ಸಡಿಲಿಸಿದ್ದೇವೆ. 2019ರಲ್ಲಿ ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲೂ ಹೆಂಗಸರು ರಾತ್ರಿ ದುಡಿಯಬಹುದೆಂದಿತು, ವಾಹನ ಕೊಡಬೇಕೆಂಬ ಷರತ್ತನ್ನೂ ಹಾಕಿತು. ಒಳ್ಳೆಯದೇ. ಅಂದರೆ ರಾತ್ರಿ ಅಪಾಯವೆಂಬ ಕಾರಣಕ್ಕೆ ಗೇಟು ಮುಚ್ಚುತ್ತಿಲ್ಲ. ದುಡಿಮೆಯ ರಾತ್ರಿಗೆ ದಾರಿ ಮಾಡಿದವರು ನಗುವಿನ ರಾತ್ರಿಗೆ ಅಪ್ಪನಿಗೆ ಫೋನ್ ಮಾಡುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಲೂ ಇದನ್ನೇ ಕಂಡೆವು. ಆಸ್ಪತ್ರೆಗೆ, ಕೂಲಿಗೆ ಹೋದವಳ ಬಗ್ಗೆ ತಕರಾರಿಲ್ಲ. ಗೆಳತಿಯರೊಡನೆ ಧರ್ಮಸ್ಥಳ ನೋಡಿ ಬಂದವಳ ಬಗ್ಗೆ ಮಾತ್ರ ಗೇಲಿ.

2009ರ ಜನವರಿ 24ರಂದು ನಮ್ಮ ಕರಾವಳಿಯ ಮಂಗಳೂರಿನಲ್ಲಿ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದರು. 2018ರಲ್ಲಿ ಆರೋಪಿಗಳು ಖುಲಾಸೆಯಾದರು. ಆಗ ನಮ್ಮಲ್ಲಿ ಎಷ್ಟೋ ಮಂದಿ ಹೊಡೆದ ಕೈಯನ್ನು ಬಿಟ್ಟು ಹುಡುಗಿಯರ ಬಟ್ಟೆಯ ಬಗ್ಗೆ ಮಾತನಾಡಿದರು. ನಮ್ಮ ಅಕ್ಕ ಉಡುತಡಿಯಿಂದ ಕಲ್ಯಾಣಕ್ಕೆ ಒಬ್ಬಳೇ ನಡೆದು ಬಂದವಳು ಎಂದು ಭಾಷಣ ಮಾಡುವ ಬಾಯಿಗಳೂ ಅದರಲ್ಲಿದ್ದವು.

ಹುಡುಗಿಯ ಅಪ್ಪನನ್ನು ನಾನು ಕಂಡು ಮಾತನಾಡಿದೆ. ಕೆಟ್ಟವರಲ್ಲ. “ಊರಲ್ಲಾದ್ರೆ ಸುತ್ತ ನಮ್ಮೋರೇ ಇರ್ತಾರೆ ಅಕ್ಕೋರೇ, ಅಲ್ಲಿ ಯಾರಿದ್ದಾರೆ?” ಎಂದರು. ಆ ಮಾತನ್ನು ತಳ್ಳಿಹಾಕಲು ನನಗಾಗಲಿಲ್ಲ. ಅವರು ಹೇಳಿದ್ದು ಆಟದ ಬಯಲಿನ ಚಾಪೆಯ ಬಗ್ಗೆ. ಪಟ್ಟಣದಲ್ಲಿ ಆ ಚಾಪೆ ಹಾಸುವವರು ಯಾರು? ಯಾರೂ ಹಾಸದಿದ್ದರೆ ಹುಡುಗಿ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ರೀಲ್ಸ್ ತಿರುವುತ್ತಾಳೆ. ಹಾಗೆ ತಿರುವಿದ್ದಕ್ಕೂ ಬೈಗುಳ ನಾವೇ ಕೊಡುತ್ತೇವೆ.

ಇಲ್ಲಿ ಮಠಗಳನ್ನು ಕೇಳಬೇಕಾಗಿದೆ. ಅನ್ನಕ್ಕೆ, ಅಕ್ಷರಕ್ಕೆ ನಮ್ಮ ಮಠಗಳು ಮಾಡಿದ್ದನ್ನು ನಾಡು ಬಲ್ಲದು. ಸಾಣೇಹಳ್ಳಿಯ ಪೂಜ್ಯ ಪಂಡಿತಾರಾಧ್ಯ ಸ್ವಾಮಿಗಳು ನಾಟಕವೂ ಮಠದ ಕೆಲಸವೇ ಎಂದು ತೋರಿಸಿದರು. 1997ರಲ್ಲಿ ಅವರು ಕಟ್ಟಿದ ಶಿವಸಂಚಾರದಲ್ಲಿ ಹೆಣ್ಣುಮಕ್ಕಳು ಬಣ್ಣ ಹಚ್ಚಿ ಊರೂರು ತಿರುಗಿ ರಾತ್ರಿ ಆಡುತ್ತಾರೆ. ಆಡುವವಳಿಗೆ ಮಠ ನೆರಳಾಗಬಹುದಾದರೆ ನೋಡುವವಳಿಗೆ ಯಾಕಾಗಬಾರದು?

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ನಮ್ಮವರ ಸಭಾಭವನಗಳು ಮದುವೆ ಇಲ್ಲದ ದಿನ ಬೀಗ ಹಾಕಿಕೊಂಡಿರುತ್ತವೆ. ವಾರಕ್ಕೆ ಎರಡು ಸಂಜೆ ಅವನ್ನು ದುಡಿಯುವ ಹುಡುಗಿಯರಿಗೆ ಬಿಟ್ಟುಕೊಡಲಿ, ಜಾತಿ ಕೇಳದೆ. ಹಾಡಲಿ, ಕೇರಂ ಆಡಲಿ, ಸಿನಿಮಾ ಹಾಕಿಕೊಳ್ಳಲಿ, ಸುಮ್ಮನೆ ಹರಟಲಿ. ಪ್ರವಚನ ಮಾತ್ರ ಇಟ್ಟರೆ ಅವರು ಬರುವುದಿಲ್ಲ. ನಿಜ ಹೇಳಬೇಕೆಂದರೆ ದಿನವಿಡೀ ದುಡಿದ ಮೇಲೆ ನಾನೂ ಬರಲಾರೆ. ಲೆಕ್ಕ, ಬೀಗದ ಕೈ ಎರಡೂ ಹುಡುಗಿಯರ ಬಳಿಯೇ ಇರಲಿ. ಹತ್ತು ಗಂಟೆಗೆ ಅವರನ್ನು ಪಿಜಿಯ ಬಾಗಿಲಿಗೆ ಮುಟ್ಟಿಸಲು ಒಂದು ವ್ಯಾನು ಬೇಕು. ಜಾತ್ರೆಗೆ, ಪಾದಯಾತ್ರೆಗೆ ಓಡಾಡುವ ವ್ಯಾನುಗಳು ಮಠಗಳಲ್ಲಿ ಇದ್ದೇ ಇವೆ.