ಎದುರಿಗೇ ಕೂತು ಮಾಡಿಸಿದ ಸರ

ಮಗಳ ಮದುವೆ ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ದಿನವೂ ಒಂದಲ್ಲ ಒಂದು ಲೆಕ್ಕ. ಛತ್ರದ ಲೆಕ್ಕ, ಅಡಿಗೆಯವರ ಲೆಕ್ಕ, ಕೊನೆಗೆ ಎಲ್ಲಕ್ಕಿಂತ ದೊಡ್ಡದಾದ ಚಿನ್ನದ ಲೆಕ್ಕ. ಹೈಸ್ಕೂಲು ಮೇಷ್ಟ್ರೊಬ್ಬ ಈಗಿನ ಧಾರಣೆಯಲ್ಲಿ ಹೊಸ ಚಿನ್ನ ಕೊಳ್ಳುವ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ, ತೀರಿಹೋದ ನಮ್ಮಮ್ಮನ ಎರಡೆಳೆ ಸರವನ್ನು ಕರಗಿಸಿ ಮೊಮ್ಮಗಳಿಗೆ ಹೊಸದೊಂದು ಮಾಡಿಸುವುದೆಂದು ತೀರ್ಮಾನವಾಯಿತು.

ಆರ್.ಟಿ. ನಗರದ ಕಡೆಯ ಒಂದು ಅಂಗಡಿಗೆ ಹೋದೆವು. ಸರ ಸರಿಯಾಗಿ 32 ಗ್ರಾಂ ತೂಗಿತು. ಕಣ್ಣೆದುರಿಗೇ ಮೂಸೆಗೆ ಹಾಕಿ ಕರಗಿಸಿದರು. ಅಮ್ಮನ ಕೊರಳಲ್ಲಿ ಅಷ್ಟು ವರ್ಷ ಹೊಳೆದದ್ದು ಬೋರೆಹಣ್ಣಿನಷ್ಟು ಗಟ್ಟಿಯಾಗಿ ತಟ್ಟೆಗೆ ಬಿತ್ತು. ಅದನ್ನು ಎಕ್ಸ್-ರೇ ಯಂತ್ರದೊಳಗಿಟ್ಟರು. ಪರದೆಯ ಮೇಲೆ ಬಂದ ಅಂಕಿ 87.4.

“22 ಕ್ಯಾರೆಟ್ ಅಲ್ಲ ಸಾರ್ ಇದು. 21 ಅಂತ ಹಿಡೀಬಹುದು ಅಷ್ಟೆ” ಎಂದ ಹುಡುಗ.

22 ಕ್ಯಾರೆಟ್ ಎಂದರೆ ನೂರಕ್ಕೆ 91.6 ಪಾಲು ಚಿನ್ನ ಇರಬೇಕು. ನಮಗೆ ಸುಮಾರು ಒಂದೂವರೆ ಗ್ರಾಂ ಖೋತಾ. ಮನೆಗೆ ಬರುತ್ತಾ ದಾರಿಯಲ್ಲೇ ನನ್ನ ಬಾಯಿಂದ ಆ ಗಾದೆ ಹೊರಬಿತ್ತು: ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ.

ನನ್ನ ಹೆಂಡತಿ ಮಾತ್ರ ಒಪ್ಪಲಿಲ್ಲ. “ಅಲ್ರೀ, ಅತ್ತೆ ಎದುರಿಗೇ ಕೂತು ಮಾಡಿಸಿದ್ದು ಅಂತಿದ್ರಲ್ಲ. ಎದುರಿಗೆ ಕೂತಿದ್ದಾಗ ಹೇಗ್ರೀ ಕದೀತಾರೆ?”

ಪ್ರಶ್ನೆ ನ್ಯಾಯವಾದದ್ದು. ಆ ಸರ ಆಗುವಾಗ ನಾನೂ ಅಲ್ಲಿದ್ದೆ. 1981ರ ಮಾತು, ನಾನು ಆಗ ಆರನೇ ಕ್ಲಾಸು. ಯಲಹಂಕದ ಹಳೇ ಊರಿನಲ್ಲಿ ನಮ್ಮ ಬೀದಿಯ ತುದಿಗೆ ಆಚಾರ್ರ ಮನೆ. ಅಜ್ಜಿಯ ಸವೆದ ಒಡವೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದ ಅಮ್ಮ, ಅವರ ಜಗಲಿಯ ಮೇಲೆ ನಾಲ್ಕು ದಿನ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದಳು. ನನ್ನ ಕೆಲಸ ಮನೆಯಿಂದ ಕಾಫಿ ತಂದುಕೊಡುವುದು. ಆಚಾರ್ರು ತಂತಿಯನ್ನು ಸುತ್ತಿ, ಕತ್ತರಿಸಿ, ಕೊಂಡಿಗೆ ಕೊಂಡಿ ಸೇರಿಸಿ, ಬಿಳಿಗಾರ ಸವರಿ, ಊದುಗೊಳವೆಯಿಂದ ದೀಪದ ಉರಿಯನ್ನು ಸೂಜಿಯಷ್ಟು ಸಣ್ಣಗೆ ಮಾಡಿ ಬೆಸೆಯುತ್ತಿದ್ದರು. ಅವರ ಕೆನ್ನೆ ಉಬ್ಬುವುದನ್ನು ನೋಡುವುದೇ ನನಗೊಂದು ಆಟ. ಅಮ್ಮ ಅವರೊಡನೆ ಊರಿನ ಸುದ್ದಿಯನ್ನೆಲ್ಲ ಮಾತಾಡುತ್ತಿದ್ದಳು, ಆದರೆ ಕಣ್ಣು ಮಾತ್ರ ಚಿನ್ನದ ಮೇಲಿಂದ ಕದಲುತ್ತಿರಲಿಲ್ಲ. ಇದರಲ್ಲಿ ಯಾರಿಗೂ ಅವಮಾನವೇನಿಲ್ಲ. ಆ ಕಾಲದ ಪದ್ಧತಿಯೇ ಅದು.

ಮುಂದಿನ ವಾರ ಸೀರೆ, ಕುಪ್ಪಸದ ಬಟ್ಟೆಗಳಿಗೆಂದು ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆವು. ಹೆಂಗಸರು ಬಟ್ಟೆಯಂಗಡಿ ಹೊಕ್ಕ ಮೇಲೆ ಗಂಡಸರಿಗೆ ಬೀದಿಯ ಬೋರ್ಡು ಓದುವುದಲ್ಲದೆ ಇನ್ನೇನು ಕೆಲಸ? ಆ ಬೀದಿಯ ಹೆಸರು ತೆಗೆದರೆ ಹಳೆಯ ಬೆಂಗಳೂರಿನವರಿಗೆ ನೆನಪಾಗುವುದು ಸಿ. ಕೃಷ್ಣಯ್ಯ ಚೆಟ್ಟಿಯವರ ಆಭರಣದಂಗಡಿ. ಅದು ಶುರುವಾದದ್ದು 1869ರಲ್ಲಿ. ಇಸವಿಯನ್ನು ಕೊಂಚ ಗಮನಿಸಿ. ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1868ರ ಮಾರ್ಚಿಯಲ್ಲಿ. ಪಟ್ಟಕ್ಕೆ ಬಂದ ಚಾಮರಾಜೇಂದ್ರ ಒಡೆಯರಿಗೆ 1869ರಲ್ಲಿ ಆರು ವರ್ಷ. ರಾಜ್ಯಭಾರ 1831ರಿಂದಲೇ ಇಂಗ್ಲಿಷ್ ಕಮಿಷನರುಗಳ ಕೈಯಲ್ಲಿತ್ತು. ಅರಸರ ಕೈಗೆ ಅಧಿಕಾರ ಮರಳಿದ್ದು 1881ರಲ್ಲಿ. ಮುಂದೆ ಮೈಸೂರು ಅರಮನೆಯ ಮನ್ನಣೆ ಪಡೆದು ರಾಜಮನೆತನದ ಆಭರಣದವರೆಂದು ಹೆಸರಾದ ಸಂಸ್ಥೆ ಹುಟ್ಟಿದ್ದು, ಅರಸು ಇನ್ನೂ ಮಗುವಾಗಿದ್ದಾಗ ಮತ್ತು ಅರಮನೆಯಿಂದ ದೂರದ ಬೆಂಗಳೂರು ದಂಡಿನಲ್ಲಿ.

ದಂಡು ಆಗ ಬೆಳೆಯುತ್ತಿದ್ದ ಊರು. 1864ರಲ್ಲಿ ರೈಲು ಬಂದಿತ್ತು. ಇನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ಕೋಲಾರದ ಕಡೆ ಚಿನ್ನದ ಭರಾಟೆ ಶುರುವಾಗುವುದಿತ್ತು. ಲ್ಯಾವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಅಲ್ಲಿ ಅಗೆಯುವ ಪರವಾನಗಿ ಪಡೆದ. ನಮ್ಮ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಿಳಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದೂ ಆ ಗಣಿಗಳಿಗೇ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ರಾಜರು ಹೋದರು, 1971ರಲ್ಲಿ ರಾಜಧನವೂ ಹೋಯಿತು, ಗಣಿಯೂ ಹೋಯಿತು. ಅಂಗಡಿಯ ಹೆಸರು ಮಾತ್ರ ಒಂದೂವರೆ ಶತಮಾನ ದಾಟಿ ಉಳಿಯಿತು.

ಇದರ ಗುಟ್ಟೇನು? ಬಟ್ಟೆಯನ್ನು ಮುಟ್ಟಿ ನೋಡಬಹುದು, ಮಾವಿನಹಣ್ಣನ್ನು ಮೂಸಿ ನೋಡಬಹುದು. ಚಿನ್ನವನ್ನು ಮಾತ್ರ ಕೊಳ್ಳುವವನ ಕಣ್ಣು ಅಳೆಯಲಾರದು. 22 ಕ್ಯಾರೆಟ್ಟಿಗೂ 20 ಕ್ಯಾರೆಟ್ಟಿಗೂ ಬಣ್ಣದಲ್ಲಿರುವ ವ್ಯತ್ಯಾಸ ಪಳಗಿದವರಿಗಲ್ಲದೆ ತಿಳಿಯದು. ಆದ್ದರಿಂದ ನಾವು ಕೊಳ್ಳುವುದು ಅರ್ಧ ಚಿನ್ನ, ಇನ್ನರ್ಧ ಮಾತು. ‘ಅರಮನೆಯವರೇ ಇವರ ಹತ್ತಿರ ಕೊಳ್ಳುತ್ತಾರೆ’ ಎಂಬ ಮಾತಿಗೆ ಬೆಲೆ ಬರುವುದು ಇದಕ್ಕೇ. ಅರಮನೆಯ ಮುದ್ರೆ ಎನ್ನುವುದು ಆ ಕಾಲದ ಹಾಲ್‌ಮಾರ್ಕು. ನಮ್ಮ ಯಲಹಂಕದ ಕೆಂಪೇಗೌಡರನ್ನೇ ನೋಡಿ. ಸಾಮ್ರಾಟರ ಅಪ್ಪಣೆಯಿಲ್ಲದೆ ಸ್ವಂತ ನಾಣ್ಯ ಟಂಕಿಸಿದರೆಂದು ಆನೆಗೊಂದಿಯ ಸೆರೆ ಸೇರಬೇಕಾಯಿತೆಂದು ಐತಿಹ್ಯ. ಲೋಹಕ್ಕಿಂತ ಅದರ ಮೇಲಿನ ಮುದ್ರೆ ಯಾರದೆಂಬುದೇ ದೊಡ್ಡ ಪ್ರಶ್ನೆಯಾಗಿತ್ತು.

ಅರಸರಿಗೂ ಅಕ್ಕಸಾಲಿಯ ಮೇಲೆ ಗುಮಾನಿ ಇಲ್ಲದಿರಲಿಲ್ಲ. ಆರ್ಕಿಮಿಡೀಸನ ಕಥೆಯನ್ನು ಪ್ರತಿವರ್ಷ ಒಂಬತ್ತನೇ ಕ್ಲಾಸಿಗೆ ಹೇಳುತ್ತೇನೆ. ಕಿರೀಟಕ್ಕೆ ಬೆಳ್ಳಿ ಬೆರೆಸಿದ್ದಾನೆಯೇ ಎಂದು ಹೀರೋ ದೊರೆಗೆ ಸಂಶಯ. ನೀರಿನ ತೊಟ್ಟಿಯಲ್ಲಿ ಆರ್ಕಿಮಿಡೀಸನಿಗೆ ಉತ್ತರ. ಕಥೆ ಚೆನ್ನಾಗಿದೆ, ಲೆಕ್ಕ ಹಾಕಿದರೆ ಸ್ವಲ್ಪ ತೊಡಕು. ಒಂದು ಕಿಲೋ ಚಿನ್ನ ನೀರಿನಲ್ಲಿ 52 ಘನ ಸೆಂಟಿಮೀಟರ್ ಜಾಗ ಹಿಡಿಯುತ್ತದೆ. 300 ಗ್ರಾಂ ತೆಗೆದು ಅಷ್ಟೇ ಬೆಳ್ಳಿ ಸೇರಿಸಿದರೆ 65. ಕಿರೀಟ ಮುಳುಗುವಂಥ ಒಂದು ಅಡಿಯೊಳಗಿನ ಅಗಲದ ಪಾತ್ರೆಯಲ್ಲಿ ಈ ವ್ಯತ್ಯಾಸಕ್ಕೆ ನೀರು ಏರುವುದು ಅರ್ಧ ಮಿಲಿಮೀಟರೂ ಇಲ್ಲ! ಆರ್ಕಿಮಿಡೀಸ್ ನೀರಿನ ಮಟ್ಟ ನೋಡಿರಲಾರ, ನೀರಿನಲ್ಲಿ ಮುಳುಗಿಸಿ ತಕ್ಕಡಿಯಲ್ಲಿ ತೂಗಿರಬೇಕು ಎಂದು 1586ರಲ್ಲಿ ಯುವಕ ಗೆಲಿಲಿಯೊ ಬರೆದ.

ಇದೇ ಸಾಂದ್ರತೆಯ ಲೆಕ್ಕವನ್ನು ದಸರೆಯ ಅಂಬಾರಿಗೂ ಹಚ್ಚಬಹುದು. 750 ಕಿಲೋ ತೂಕ ಎಂದು ಕೇಳಿದ ಮಕ್ಕಳು ‘ಅಷ್ಟೂ ಚಿನ್ನವಾ ಸಾರ್?’ ಎಂದು ಬಾಯಿ ಬಿಡುತ್ತಾರೆ. ಅಷ್ಟೂ ಗಟ್ಟಿ ಚಿನ್ನವಾಗಿದ್ದರೆ ಅದು ಬರೀ 39 ಲೀಟರು, ಅಂದರೆ ಎರಡು ಬಕೆಟ್ಟಿನಷ್ಟು. ಅದರಲ್ಲಿ ದೇವಿಯನ್ನು ಕೂರಿಸುವುದು ಹೇಗೆ? ಅಂಬಾರಿ ಮರದ ಮಂಟಪ. ಅದರ ಮೇಲೆ ಚಿನ್ನದ ತಗಡಿನ ಹೊದಿಕೆ. ಕೆಲಸಗಾರನ ಹೆಚ್ಚುಗಾರಿಕೆ ಇರುವುದೇ ಕಡಿಮೆ ಚಿನ್ನವನ್ನು ಅಷ್ಟು ಅಗಲಕ್ಕೆ ಬಡಿದು ಹಾಸುವುದರಲ್ಲಿ.

ಈಗ ಅಮ್ಮನ ಸರಕ್ಕೆ ಬರೋಣ. ಬೀದಿಯಲ್ಲಿ ನಿಂತು ಇಷ್ಟೆಲ್ಲ ಯೋಚಿಸುತ್ತಿದ್ದಾಗ ನನಗೆ ಹೊಳೆದದ್ದು ಊದುಗೊಳವೆ. ಛೆ, ಮೂವತ್ತು ವರ್ಷ ಪಾಠ ಹೇಳಿಯೂ ಇದು ತಿಳಿಯಲಿಲ್ಲವಲ್ಲ ಎನಿಸಿತು. ಶುದ್ಧ ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. 22 ಕ್ಯಾರೆಟ್ಟಿನದು ಅದಕ್ಕಿಂತ ತುಸು ಕೆಳಗೆ. ಕೊಂಡಿಯನ್ನು ಬೆಸೆಯುವಾಗ ಬೆಸುಗೆ ಕರಗಬೇಕು, ಕೊಂಡಿ ಕರಗಬಾರದು. ಹಾಗಾಗಬೇಕಾದರೆ ಬೆಸುಗೆಗೆ ತಾಮ್ರ, ಬೆಳ್ಳಿ ಹೆಚ್ಚು ಹಾಕಲೇಬೇಕು. ಅದು ವಂಚನೆಯಲ್ಲ, ಉಷ್ಣಶಾಸ್ತ್ರ. ನೂರಾರು ಕೊಂಡಿಯ ಎರಡೆಳೆ ಸರದಲ್ಲಿ ಹತ್ತನೇ ಒಂದು ಪಾಲು ಬೆಸುಗೆ, ಆ ಬೆಸುಗೆಯಲ್ಲಿ ಅರ್ಧ ಚಿನ್ನ ಎಂದು ಹಿಡಿಯಿರಿ. ಒಂಬತ್ತು ಪಾಲಿಗೆ 91.6, ಒಂದು ಪಾಲಿಗೆ 50. ಒಟ್ಟು ಎಷ್ಟಾಯಿತು? 87.4.

ಪಾಲು ನಾನು ಊಹಿಸಿದ್ದು. ಇದು ಸಾಕ್ಷಿಯಾಗಲಾರದು ಎಂಬುದು ನನಗೂ ಗೊತ್ತು. ಆದರೆ ಆಚಾರ್ರು ಒಂದು ಗುಲಗಂಜಿಯಷ್ಟೂ ಕದಿಯದೆಯೇ ಯಂತ್ರ ಆ ಅಂಕಿ ತೋರಿಸಬಹುದಿತ್ತು ಎಂಬುದಕ್ಕೆ ಇಷ್ಟು ಸಾಕು. ಸರ ಕೈಗಿತ್ತ ದಿನ ಅವರು ಅಮ್ಮನಿಗೆ ಹೇಳಿದ ಮಾತೂ ಆಗ ನೆನಪಾಯಿತು. “ಹಾಕ್ಕೊಂಡು ಸುಖವಾಗಿರಿ ತಾಯಿ. ಕರಗಿಸೋಕೆ ಮಾತ್ರ ಹೋಗ್ಬೇಡಿ.” ನಾನು ಅದನ್ನು ಆಶೀರ್ವಾದ ಎಂದುಕೊಂಡಿದ್ದೆ. ಅದರೊಳಗೆ ಲೆಕ್ಕವೂ ಇತ್ತು.

ಈ ಬೆಸುಗೆಯ ತೊಂದರೆಗೆ ಪರಿಹಾರವೆಂದು ಬಂದದ್ದು ‘ಕೆ.ಡಿ.ಎಂ.’ 1990ರ ದಶಕದಲ್ಲಿ ಅಂಗಡಿ ಅಂಗಡಿಯ ಮುಂದೆಯೂ ಆ ಬೋರ್ಡು ನೋಡಿದ್ದೀರಿ. ಅದು ಕ್ಯಾಡ್ಮಿಯಂ. ಚಿನ್ನಕ್ಕೆ ಸ್ವಲ್ಪವೇ ಬೆರೆಸಿದರೂ ಬೆಸುಗೆ ಬೇಗ ಕರಗುತ್ತದೆ. 767 ಡಿಗ್ರಿಗೆ ಕುದಿಯುವ ಲೋಹವಾದ್ದರಿಂದ ಬಹುಪಾಲು ಆವಿಯಾಗಿ ಹೋಗುತ್ತದೆ, ಒಡವೆಯ ಶುದ್ಧತೆ ಉಳಿಯುತ್ತದೆ. ಕೊಳ್ಳುವವನಿಗೆ ಸಂತೋಷ. ಆದರೆ ಆವಿ ಹೋದದ್ದೆಲ್ಲಿಗೆ? ಇಕ್ಕಟ್ಟಾದ ಕೋಣೆಯಲ್ಲಿ ಬಗ್ಗಿ ಕೂತು ಊದುತ್ತಿದ್ದವನ ಶ್ವಾಸಕೋಶಕ್ಕೆ. ಕ್ಯಾಡ್ಮಿಯಂ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣ. ನಮ್ಮ ಶುದ್ಧತೆಗೆ ಅವನು ಉಸಿರು ತೆತ್ತ. ಹಾಲ್‌ಮಾರ್ಕ್ ಪದ್ಧತಿಯಲ್ಲಿ ಕ್ಯಾಡ್ಮಿಯಂಗೆ ಈಗ ಎಡೆಯಿಲ್ಲ.

ಅಕ್ಕಸಾಲಿಗರ ಕಷ್ಟ ಅಲ್ಲಿಗೇ ಶುರುವಾದದ್ದೂ ಅಲ್ಲ. 1963ರ ಜನವರಿಯಲ್ಲಿ ಬಂದ ಚಿನ್ನದ ನಿಯಂತ್ರಣ ನಿಯಮ, ಹೊಸ ಒಡವೆ 14 ಕ್ಯಾರೆಟ್ ಮೀರಕೂಡದೆಂದು ಕಟ್ಟು ಮಾಡಿತು. 14 ಕ್ಯಾರೆಟ್ಟಿನ ತಾಳಿ ಯಾರು ಮಾಡಿಸುತ್ತಾರೆ? ಕುಲುಮೆಗಳು ಆರಿದವು; ದೇಶದಲ್ಲಿ ಸಾವಿರಾರು ಕುಟುಂಬ ಬೀದಿಗೆ ಬಿದ್ದವು, ಪ್ರಾಣ ಕಳೆದುಕೊಂಡವರೂ ಇದ್ದರು. ಆ ಮಿತಿ ಕೆಲವು ವರ್ಷಗಳಲ್ಲಿ ಹೋದರೂ 1968ರ ಕಾನೂನು 1990ರವರೆಗೆ ನಡೆಯಿತು. ಹೆಸರಿದ್ದ ದೊಡ್ಡ ಅಂಗಡಿಗಳು ಇಂಥ ಗಾಳಿಮಳೆ ತಡೆದುಕೊಂಡವು. ಮುಖವೊಂದೇ ಮುದ್ರೆಯಾಗಿದ್ದ ಬೀದಿ ತುದಿಯ ಆಚಾರ್ರಿಗೆ ತಡೆದುಕೊಳ್ಳಲು ಏನಿತ್ತು? ನಮ್ಮ ಆಚಾರ್ರು ತೀರಿಕೊಂಡು ಬಹಳ ಕಾಲವಾಯಿತು. ಮಗ ಕಸುಬು ಹಿಡಿಯಲಿಲ್ಲ. ಅವರ ಜಗಲಿ ಇದ್ದ ಕಡೆ ಈಗ ಮೊಬೈಲು ರಿಪೇರಿ ಅಂಗಡಿ.

ಈಗಿನವರು ಎದುರಿಗೆ ಕೂರಬೇಕಾಗಿಲ್ಲ. ಹಾಲ್‌ಮಾರ್ಕ್ ನಮ್ಮ ದೇಶಕ್ಕೆ 2000ದಲ್ಲಿ ಬಂತು, 2021ರ ಜೂನ್‌ನಿಂದ ಜಿಲ್ಲೆಗಳಲ್ಲಿ ಹಂತಹಂತವಾಗಿ ಕಡ್ಡಾಯವಾಯಿತು. ಒಡವೆಯ ಮೇಲೆ ಮೂರು ಗುರುತು ನೋಡಿಕೊಳ್ಳಿ: ಬಿ.ಐ.ಎಸ್. ಚಿಹ್ನೆ, 22 ಕ್ಯಾರೆಟ್, 916 ಎಂಬ ಶುದ್ಧತೆಯ ಗುರುತು, ಮತ್ತು ಅಕ್ಷರ-ಅಂಕಿ ಸೇರಿದ ಆರು ಸ್ಥಾನದ ಎಚ್.ಯು.ಐ.ಡಿ. ಸಂಖ್ಯೆ. 2023ರ ಏಪ್ರಿಲ್ 1ರಿಂದ ಈ ಸಂಖ್ಯೆಯಿಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಅದನ್ನು ಒತ್ತಿದರೆ ಒಡವೆಯ ಜಾತಕ ಸಿಗುತ್ತದೆ. ಎರಡು ಗ್ರಾಂಗಿಂತ ಕಡಿಮೆ ತೂಕದವಕ್ಕೆ ವಿನಾಯಿತಿ ಇದೆ. ಮೂಗುಬೊಟ್ಟು ಕೊಳ್ಳುವಾಗ ನೆನಪಿರಲಿ. ಹಳೆಯ ಕೈಗೆಲಸದ ಸರವನ್ನು ಕರಗಿಸುವ ಮುಂಚೆ ಮಾತ್ರ ಎರಡು ಸಲ ಯೋಚಿಸಿ. ಕರಗಿಸಿದರೆ ಬೆಸುಗೆಯ ಲೆಕ್ಕ ಹೊರಬೀಳುತ್ತದೆ, ಮಾಡಿದ ಕೈಯ ಗುರುತು ಹೋಗುತ್ತದೆ.

ಮಗಳ ಹೊಸ ಸರ ಬಂದಿದೆ. 916 ಎಂದು ಭೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣಗೆ ಕೆತ್ತಿದ್ದಾರೆ. “ಇದನ್ನ ಮಾಡಿದೋರು ಯಾರಪ್ಪಾ?” ಎಂದು ಅವಳು ಕೇಳಿದಳು. ಹೇಳಲು ನನಗೆ ತಿಳಿಯಲಿಲ್ಲ. ಅಜ್ಜಿಯ ಸರ ಮಾಡಿದವರ ವಿಷಯ ಹೇಳಿದೆ. ಆ ಗಾದೆಯನ್ನು ಮಾತ್ರ ಹೇಳಲಿಲ್ಲ.